ಅವಳ ಎಡೆ, ನನ್ನ ಹೊಟ್ಟೆ

ಹೋದ ತಿಂಗಳು ಡಾಕ್ಟರು ನನ್ನ ಮುಖ ನೋಡಿಕೊಂಡೇ ಸುಳ್ಳುಗಾರ ಅಂದರು.

ಕೋಪದಿಂದಲ್ಲ, ಸುಸ್ತಾಗಿ ಅಂದರು. ಯಶವಂತಪುರದ ನಮ್ಮ ಡಾಕ್ಟರು ಗೂಡ್ಸ್ ಷೆಡ್ಡಿನವರು, ಸಂತೆಯವರು, ಕೆಮ್ಮುವ ಮಕ್ಕಳು ಎಲ್ಲರನ್ನೂ ನೋಡಿ ಮುಗಿಸಿ, ಕೊನೆಗೆ ನನ್ನಂಥ ಸಕ್ಕರೆ ಕಾಯಿಲೆಯವರನ್ನು ಒಳಗೆ ಕರೆಯುತ್ತಾರೆ. ಗಾಜಿನ ನಳಿಗೆಯಲ್ಲಿ ನೀಲಿ ಔಷಧಿ, ಅದಕ್ಕೆ ನಮ್ಮ ಮೂತ್ರದ ಕೆಲವು ಹನಿ, ಕೆಳಗೆ ಸ್ಪಿರಿಟ್ ದೀಪ. ನೀಲಿಯಾಗಿಯೇ ಉಳಿದರೆ ನೀವು ಒಳ್ಳೆಯವರು. ಹಸಿರಾದರೆ ಎಚ್ಚರಿಕೆ. ನನ್ನದು ನೋಡನೋಡುತ್ತಲೇ ಇಟ್ಟಿಗೆ ಬಣ್ಣಕ್ಕೆ ತಿರುಗಿತು.

"ಏನ್ರೀ ಯಜಮಾನ್ರೇ, ಒಳಗೆ ಇಟ್ಟಿಗೆ ಗೂಡು ಹಾಕ್ಬಿಟ್ಟಿದ್ದೀರಲ್ರೀ!"

"ನೀವು ಹೇಳಿದ್ ಹಾಗೇ ತಿಂತಿದ್ದೀನಿ ಡಾಕ್ಟ್ರೇ. ಮಧ್ಯಾಹ್ನ ಒಂದ್ ಮುದ್ದೆ, ರಾತ್ರಿ ಅರ್ಧ."

"ಮಧ್ಯೆ?"

"ಮಧ್ಯೆ ಏನೂ ಇಲ್ಲ."

"ಸುಳ್ಳು ಹೇಳ್ಬೇಡ್ರೀ. ನೀವು ಹೇಳಿದ್ರೂ ಇದು ಹೇಳಲ್ಲ," ಎಂದು ನಳಿಗೆಯನ್ನು ನನ್ನ ಮೂಗಿನ ಹತ್ತಿರ ಹಿಡಿದರು.

ಆಮೇಲೆ ಕಾಲು ನೋಡಿದರು. ಚಪ್ಪಲಿ ಕಚ್ಚಿ ಹೆಬ್ಬೆರಳಿನಲ್ಲಿ ಆದ ಗಾಯ ಮಳೆಗಾಲ ಮುಗಿದರೂ ಮಾಗಿರಲಿಲ್ಲ. "ಹಿಂಗೇ ಆದ್ರೆ ಬೆರಳು ತೆಗೀಬೇಕಾಗತ್ತೆ. ಬೆರಳಿಗೇ ನಿಲ್ಲತ್ತೆ ಅಂತ ನಾನು ಹೇಳಲ್ಲ," ಅಂದರು.

ನಾನು ಸುಳ್ಳು ಹೇಳಿರಲಿಲ್ಲ. ಓದುಗರು ನಂಬಬೇಕು.

ಡಾಕ್ಟರು ಮೊದಲ ಸಲ ಕ್ಯಾಲೊರಿ ಅಂದಾಗ ನನಗೆ ಅದು ಯಾವುದೋ ಊರಿನ ಹೆಸರಿನಂತೆ ಕೇಳಿಸಿತ್ತು. ನಾನು ಓದಿದ್ದು ಕಡಿಮೆ. ಗೂಡ್ಸ್ ಷೆಡ್ಡಿನಲ್ಲಿ ಗುಮಾಸ್ತನಾಗಿದ್ದವನು ಎಂದು ತಿಳಿದು ಅವರು ರೈಲಿನ ಲೆಕ್ಕದಲ್ಲೇ ಬಿಡಿಸಿ ಹೇಳಿದರು. ಎಂಜಿನ್ನಿಗೆ ಕಲ್ಲಿದ್ದಲು ಹೇಗೋ, ದೇಹಕ್ಕೆ ಕ್ಯಾಲೊರಿ ಹಾಗೆ. ಷೆಡ್ಡಿನಲ್ಲಿ ನಿಂತ ಎಂಜಿನ್ನಿಗೆ ದಿನವಿಡೀ ಕಲ್ಲಿದ್ದಲು ತುಂಬುತ್ತಿದ್ದರೆ ಏನಾಗುತ್ತದೆ? ಊಟಕ್ಕಿಂತ ಊಟದ ನಡುವಿನ ತಿಂಡಿಯೇ ಶತ್ರು. ಎರಡು ಬೋಂಡ ತಿಂದರೆ ಒಂದು ಮುದ್ದೆ ಉಂಡ ಹಾಗೆ. (ಅಷ್ಟು ನಿಖರವೋ ಇಲ್ಲವೋ, ನನ್ನ ತಲೆಗೆ ಹತ್ತಿದ್ದು ಅಷ್ಟು.)

ನಾನು ಅದನ್ನು ಶ್ರದ್ಧೆಯಿಂದ ಪಾಲಿಸಿದೆ. ಮುದ್ದೆ ಚಿಕ್ಕದು ಮಾಡಿದೆ. ಕಾಫಿಗೆ ಸಕ್ಕರೆ ಬಿಟ್ಟೆ. ಹೋಟೆಲಿನಲ್ಲಿ ಕೂತು ತಿನ್ನುವುದನ್ನು ಬಿಟ್ಟೆ. ಹಾಗಿದ್ದರೆ ಇಟ್ಟಿಗೆ ಬಣ್ಣ ಎಲ್ಲಿಂದ ಬಂತು?

ಅದು ತಿಳಿದದ್ದು ನನ್ನ ತಂಗಿ ಜಯಮ್ಮನಿಂದ. ಅವಳಿರುವುದು ಹೆಬ್ಬಾಳದಲ್ಲಿ, ಕೆರೆಯ ಕೆಳಗಿನ ತೋಟದಲ್ಲಿ. ಡಾಕ್ಟರ ಮಾತು ಅವಳ ಕಿವಿಗೂ ಬಿದ್ದು, ಮಾರನೆಯ ದಿನ ಸಾಯಂಕಾಲ ಒಂದು ಕಟ್ಟು ದಂಟಿನ ಸೊಪ್ಪು ಹೊತ್ತು ಬಂದಳು. ನಾನು ಜಗಲಿಯ ಮೇಲೆ ಕೂತಿದ್ದೆ. ಹಿಂದೆ ಬಾಗಿಲು ಮುಚ್ಚಿತ್ತು.

"ಯಾಕಣ್ಣ ಒರಗೆ ಕೂತಿದ್ದೀಯ? ಒಳಗೆ ಯಾರವ್ರೆ?"

"ನಿಮ್ಮತ್ತಿಗೆ."

ಜಯಮ್ಮನ ಕೈಯಿಂದ ಸೊಪ್ಪು ಬಿತ್ತು. ನನ್ನ ಹೆಂಡತಿ ಕೆಂಪಮ್ಮ ತೀರಿಕೊಂಡು ವರ್ಷ ಕಳೆದಿದೆ. (ಈ ಅಂಕಣದಲ್ಲಿ ಅವಳ ವಿಷಯ ಅತಿಯಾಯಿತು ಎಂದು ಓದುಗರೊಬ್ಬರು ಬರೆದಿದ್ದರು. ಇವತ್ತೂ ಬರುತ್ತದೆ. ಕ್ಷಮಿಸಿ.)

ನಮ್ಮ ಕಡೆ ಸತ್ತವರಿಗೆ ಎಡೆ ಇಡುತ್ತೇವೆ. ಪಿತೃಪಕ್ಷದಲ್ಲಿ ಬಾಳೆ ಎಲೆ ಹಾಕಿ, ಅವರು ಇಷ್ಟಪಟ್ಟು ತಿನ್ನುತ್ತಿದ್ದದ್ದನ್ನೆಲ್ಲ ಬಡಿಸಿ, ಸಾಂಬ್ರಾಣಿ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುತ್ತೇವೆ. ಅವರು ಬಂದು ಉಂಡು ಹೋಗಲಿ ಎಂದು. ಸ್ವಲ್ಪ ಹೊತ್ತಾದ ಮೇಲೆ ಒಂದು ಸಲ ಕೆಮ್ಮಿ ಬಾಗಿಲು ತೆಗೆಯುತ್ತೇವೆ. ಆಮೇಲೆ ಎಡೆಯಲ್ಲಿದ್ದದ್ದನ್ನು ಮನೆಯವರು ತಿನ್ನಬೇಕು. ಬಿಸಾಡುವ ಹಾಗಿಲ್ಲ.

ಇದು ವರ್ಷಕ್ಕೊಮ್ಮೆ ಮಾಡುವುದು. ನಾನು ದಿನಾ ಮಾಡುತ್ತಿದ್ದೆ.

ಶುರುವಾದದ್ದು ಹೇಗೆಂದು ಕೇಳಿದರೆ ಏನು ಹೇಳಲಿ? ಸಾಯಂಕಾಲ ನಾಲ್ಕು ಗಂಟೆಗೆ ಅವಳು ಕಾಫಿ, ಜೊತೆಗೆ ಏನಾದರೂ ಕುರುಕಲು ತಂದಿಡುತ್ತಿದ್ದಳು. ಅವಳು ಹೋದ ಮೇಲೆ ಆ ನಾಲ್ಕು ಗಂಟೆಯನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಒಂದು ದಿನ ಸ್ಟೇಷನ್ ಪಕ್ಕದ ಹೋಟೆಲಿನಿಂದ ಬೋಂಡ ಕಟ್ಟಿಸಿಕೊಂಡು ಬಂದು ಅವಳ ಪಟದ ಮುಂದೆ ಎಲೆಯ ಮೇಲೆ ಇಟ್ಟು ಬಾಗಿಲು ಮುಚ್ಚಿದೆ. ಹೊರಗೆ ಕೂತೆ. ಒಳಗೆ ಅವಳಿದ್ದಾಳೆ, ನಾನು ಹೊರಗಿದ್ದೇನೆ. ಅಷ್ಟು ಹೊತ್ತು ಮನೆ ಮೊದಲಿನ ಹಾಗೇ ಇತ್ತು. ಮಾರನೆಯ ದಿನ ಕೈ ತಾನಾಗಿ ಮತ್ತೆ ಎಲೆ ಹುಡುಕಿತು.

ಜಯಮ್ಮ ಬಾಗಿಲು ತಳ್ಳಿ ಒಳಗೆ ಹೋದಳು. ಅವತ್ತಿನ ಎಲೆಯಲ್ಲಿ ಬೋಂಡ, ನಿಪ್ಪಟ್ಟು, ಎರಡು ಚಕ್ಕುಲಿ ಇದ್ದವು.

"ಪಿತೃಪಕ್ಸ ಮುಗ್ದು ಯಾವ್ ಕಾಲ ಆಯ್ತು. ದಿನಾ ಎಡೆ ಇಕ್ತಾರೇನಣ್ಣ ಯಾರಾನ?"

"ಇಟ್ರೇನೀಗ?"

"ಇದ್ನೆಲ್ಲ ಆಮೇಕೆ ತಿನ್ನೋರು ಯಾರು?"

"ಎಡೆ ಬಿಸಾಕ್ತಾರೇನೇ?"

"ಅಯ್ಯೋ ನಿನ್ ಮನೆ ಕಾಯ್ವಾಗ! ಡಾಕ್ಟ್ರ ತಾವ ಏನೂ ತಿನ್ನಲ್ಲ ಅಂದ್ಯಂತಲ್ಲ?"

"ಇದು ಅವಳ ಪಾಲು ಕಣೇ. ನಂದಲ್ಲ."

"ಅವ್ಳ ಪಾಲು ನಿನ್ನೊಟ್ಟೆಗೇ ತಾನೇ ಓಗ್ತಾ ಇರೋದು!"

ನಗು ಬರಬೇಕಾದ ಮಾತು. ನನಗೆ ಬರಲಿಲ್ಲ. ಏಕೆಂದರೆ ಅಲ್ಲಿಯವರೆಗೂ ಅದು ನನ್ನ ತಿನ್ನುವಿಕೆ ಎಂದು ನನಗೆ ಹೊಳೆದೇ ಇರಲಿಲ್ಲ. ಬಾಯಿ ನನ್ನದು, ಹಲ್ಲು ನನ್ನದು, ಆದರೂ ಲೆಕ್ಕ ಅವಳದು. ನೀವು ನಗಬಹುದು. ಆದರೆ ನಿಂತುಕೊಂಡು ತಿಂದದ್ದು, ಯಾರೋ ಬಲವಂತ ಮಾಡಿ ತಿನ್ನಿಸಿದ್ದು, ಪ್ರಸಾದ ಎಂದು ಕೈಗೆ ಹಾಕಿದ್ದು, ಇದನ್ನೆಲ್ಲ ನೀವಾದರೂ ಲೆಕ್ಕಕ್ಕೆ ಹಿಡಿಯುತ್ತೀರಾ?

ಜಯಮ್ಮ ಎಲೆಯ ಮುಂದೆ ಕೂತಳು. ಇಷ್ಟು ಹೊತ್ತು ಬೈಯುತ್ತಿದ್ದವಳ ದನಿ ಇಳಿಯಿತು.

"ಅಣ್ಣಾ, ಎಡೆಗೆ ಸತ್ತೋರ್ಗೆ ಇಷ್ಟ ಆಗಿದ್ದು ಇಕ್ಬೇಕು. ಅತ್ತಿಗೆ ಯಾವತ್ತು ಬೋಂಡ ತಿಂದವ್ಳೆ? ಬೋಂಡ ನಿಂಗಿಷ್ಟ. ನಿಪ್ಪಟ್ಟು ನಿಂಗಿಷ್ಟ. ಚಕ್ಲಿಗೆ ಎಳ್ಳು ಜಾಸ್ತಿ ಇರ್ಬೇಕು ಅಂತ ಜಗಳ ಆಡ್ತಿದ್ದೋನೂ ನೀನೇ." ಎಲೆಯನ್ನು ನನ್ನ ಕಡೆ ಸರಿಸಿ ಅಂದಳು, "ನೀನು ಬದುಕಿರೋವಾಗ್ಲೇ ನಿಂಗೇ ಎಡೆ ಇಕ್ಕೊಂಡು ಕೂತಿದ್ದೀಯ ಕಣಣ್ಣ."

ನನಗೆ ರೇಗಿತು. "ಹಂಗಾದ್ರೆ ಅವಳಿಗೇನಿಷ್ಟ, ನೀನೇ ಹೇಳು. ಮದುವೆ ಆಗಿ ಹೋಗೋವರ್ಗೂ ಇದೇ ಮನೇಲಿ ಅವಳ ಜೊತೆ ಇದ್ದೋಳು."

ಜಯಮ್ಮ ಅತ್ತಿಗೆಯ ಪಟದ ಕಡೆ ತಿರುಗಿದಳು. "ಏನೋ ತಿನ್ನೋಳಪ್ಪ," ಅಂದಳು. "ನಾವು ನೋಡಿದ್ರೆ ತಾನೆ."

ಆ ದಿನದ ಎಡೆಯನ್ನು ಅವಳೇ ಸೆರಗಿಗೆ ಕಟ್ಟಿಕೊಂಡು ಹೋದಳು. ಎಡೆ ಅಂದ ಮೇಲೆ ಯಾರಾದರೂ ತಿನ್ನಲೇಬೇಕಲ್ಲ.

ಮತ್ತೆ ಡಾಕ್ಟರ ಹತ್ತಿರ ಹೋಗಿ ಎಲ್ಲ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ಎಡೆಗೂ ಕ್ಯಾಲೊರಿ ಇರತ್ತೆ ಕಣ್ರೀ," ಅಂದರು, ಅಷ್ಟೇ. ಆಮೇಲೆ ಗಾಯಕ್ಕೆ ತಾವೇ ಪಟ್ಟಿ ಕಟ್ಟಿದರು.

ಹೋಟೆಲಿನ ಕಡೆ ಹೋಗುವುದನ್ನು ಬಿಟ್ಟಿದ್ದೇನೆ. ನಳಿಗೆ ಈಗ ಹಸಿರಿಗೆ ಬಂದಿದೆ. ಬೆರಳಿನ ಬಗ್ಗೆ ಡಾಕ್ಟರು ಇನ್ನೂ ಮಾತು ಕೊಟ್ಟಿಲ್ಲ. ತಿಂಡಿ ಬಿಡುವುದು ಕಷ್ಟ ಎಂದು ಎಲ್ಲರೂ ಹೇಳುತ್ತಾರೆ. ನೀರು ಕುಡಿಯಿರಿ, ನಡೆಯಿರಿ, ಮನಸ್ಸನ್ನು ಬೇರೆ ಕಡೆ ತಿರುಗಿಸಿ ಎಂದು ಉಪಾಯವನ್ನೂ ಹೇಳುತ್ತಾರೆ. ನಾಲ್ಕು ಗಂಟೆಗೆ ಕೇಳುವುದು ಹೊಟ್ಟೆಯಲ್ಲ ಸ್ವಾಮಿ, ಅದನ್ನಾದರೆ ಗದರಿಸಿ ಕೂರಿಸಬಹುದು. ಕೇಳುವುದು ಮನೆ. ಅದಕ್ಕೆ ಏನು ಕೊಟ್ಟು ಸುಮ್ಮನಾಗಿಸಬೇಕೋ ಯಾವ ಡಾಕ್ಟರೂ ಹೇಳುವುದಿಲ್ಲ.

ಬರುವ ಪಿತೃಪಕ್ಷಕ್ಕೆ ಒಂದೇ ಒಂದು ಸಲ, ಸರಿಯಾಗಿ, ಅವಳಿಗೆ ಇಷ್ಟವಾದದ್ದನ್ನೇ ಎಡೆ ಇಡುತ್ತೇನೆಂದು ಜಯಮ್ಮನಿಗೆ ಮಾತು ಕೊಟ್ಟಿದ್ದೇನೆ. ಅದಕ್ಕಾಗಿ ದಿನವೂ ಯೋಚಿಸುತ್ತೇನೆ. ಪಕ್ಕದ ಮನೆಯವರನ್ನು ಕೇಳಿದೆ. ನಾಗಸಂದ್ರಕ್ಕೆ ಮದುವೆ ಮಾಡಿಕೊಟ್ಟಿರುವ ಮಗಳನ್ನು ಕೇಳಿದೆ. "ಅಮ್ಮ ಎಲ್ಲಾನೂ ತಿನ್ನೋಳಲ್ವೇನಪ್ಪ," ಅಂದಳು ಅವಳು.

ನನಗೆ ನೆನಪಾಗುವುದು ಒಂದೇ. ನನ್ನ ಅಮ್ಮ, ತಮ್ಮಂದಿರು, ಜಯಮ್ಮ, ನಾನು, ಎಲ್ಲರೂ ಉಂಡು ಎದ್ದ ಮೇಲೆ ಅವಳು ಒಲೆಯ ಮುಂದೆ ಕೂತು, ಮುದ್ದೆ ಮಾಡಿದ ಪಾತ್ರೆಯ ತಳಕ್ಕೆ ಹತ್ತಿದ ಸೀಕನ್ನು ಸೌಟಿನಿಂದ ಕೆರೆದು, ಮಜ್ಜಿಗೆ ನಂಚಿಕೊಂಡು ತಿನ್ನುತ್ತಿದ್ದಳು. ಕರಕರ ಸದ್ದು ನಡುಮನೆಗೆ ಕೇಳಿಸುತ್ತಿತ್ತು.

ಅದು ಅವಳಿಗೆ ಇಷ್ಟವಾಗಿತ್ತೋ, ಇಲ್ಲ ನಾವೆಲ್ಲ ಎದ್ದ ಮೇಲೆ ಅವಳಿಗೆ ಅಷ್ಟೇ ಉಳಿದಿರುತ್ತಿತ್ತೋ?