ಅಲುಗಿಸಬಾರದ ಸೀಸೆಗಳು

ಆ ಮಧ್ಯಾಹ್ನ ನಾನು ಸೀಸೆಗಳನ್ನು ಮುಟ್ಟಿದೆನೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ಮುಟ್ಟಿದ ನೆನಪು ಕೈಯಲ್ಲಿದೆ. ಆದರೆ ಕಳೆದ ವಾರವೂ ಅಂಥದೇ ಸೀಸೆ ಹಿಡಿದಿದ್ದೇನೆ. ಕೈ ಯಾವುದನ್ನು ಯಾವುದರ ಜೊತೆ ಬೆರೆಸಿಕೊಂಡಿದೆಯೋ. ಬಂಗಾರಪೇಟೆಯ ನನ್ನ ಬಾಡಿಗೆ ಮನೆಯಲ್ಲಿ ಈಗ ಒದ್ದೆ ಬಟ್ಟೆಯೊಳಗೆ ರಾಗಿ ಮೊಳೆಯುತ್ತಿದೆ. ಆ ಹಸಿ ವಾಸನೆಗೆ ಇದೆಲ್ಲ ಮೇಲೆದ್ದು ಬಂತು.

ಮನೆಯಲ್ಲಿ ಬಿಯರ್ ಮಾಡುವುದು ಕಷ್ಟವೇನಲ್ಲ, ಹೇಳುತ್ತೇನೆ ಕೇಳಿ. ರಾಗಿಯನ್ನು ಒಂದು ರಾತ್ರಿ ನೆನೆಸಿ ಬಟ್ಟೆಯಲ್ಲಿ ಕಟ್ಟಿಡಿ. ಮೊಳಕೆ ಬಂದ ಮೇಲೆ ಬಿಸಿಲಲ್ಲಿ ಒಣಗಿಸಿ ತರಿತರಿಯಾಗಿ ಬೀಸಿ. ಬಿಸಿನೀರಿಗೆ ಹಾಕಿ ಒಂದು ಗಂಟೆ ಬಿಡಿ. ನೀರು ಕುದಿಯಬಾರದು, ಬೆರಳಿಟ್ಟರೆ ತಟ್ಟನೆ ತೆಗೆಯುವಷ್ಟು ಬಿಸಿಯಿದ್ದರೆ ಸಾಕು. ನಾನು ಥರ್ಮಾಮೀಟರ್ ಇಟ್ಟು ನೋಡುತ್ತೇನೆ. ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವನಿಗೆ ಬೆರಳಿನ ಮೇಲೆ ನಂಬಿಕೆ ಇರುವುದಿಲ್ಲ. ಚಿನ್ನಪ್ಪ ಮಾವನಿಗೆ ಬೆರಳೇ ಸಾಕಾಗಿತ್ತು. ಸೋಸಿದ ರಸಕ್ಕೆ ಕಹಿಗೆಂದು ಒಂದಿಷ್ಟು ಬೇವಿನ ಹೂ ಹಾಕಿ ಕುದಿಸಿ, ಆರಿಸಿ, ಬೇಕರಿಯಿಂದ ತಂದ ಈಸ್ಟ್ ಬೆರೆಸಿ ಮುಚ್ಚಿಡುತ್ತಿದ್ದ. ನೊರೆ ಪೂರ್ತಿ ಇಳಿಯುವ ಮೊದಲು ಸೀಸೆಗೆ ತುಂಬಬೇಡಿ, ಸಿಡಿಯುತ್ತವೆ. ತುಂಬಿದ ಮೇಲೆ ಹತ್ತು ಹನ್ನೆರಡು ದಿನ ಅಲುಗಿಸಲೇಬೇಡಿ. ಗಸಿ ತಳಕ್ಕೆ ಕೂತು ಬಿಯರ್ ತಿಳಿಯಾಗುವುದು ಆಗಲೇ.

ಮಾವ ಅಂದರೆ ಅಮ್ಮನ ತಮ್ಮ. ಊರಿಗಾಂನಲ್ಲಿ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿದ್ದ. ಚಿನ್ನದ ಗಣಿ ಮುಚ್ಚುವ ತನಕ ಅವನ ದುಡಿಮೆಯೆಲ್ಲ ನೆಲದಡಿಯಲ್ಲೇ. ಮುಚ್ಚಿದ ಮೇಲೂ ಒಮ್ಮೊಮ್ಮೆ ಆಳದಲ್ಲಿ ಬಂಡೆ ಸಿಡಿದು ನೆಲ ಅದುರುತ್ತಿತ್ತು. ಮಾವನ ಅಂಗಾಲಿಗೆ ಅದು ಎಲ್ಲರಿಗಿಂತ ಮೊದಲು ತಿಳಿಯುತ್ತಿತ್ತು. ಪಾತ್ರೆ ಗಣಗಣ ಅಂದರೆ ಲೈನಿನವರು ಬಾಗಿಲಿಗೆ ಬಂದು, ಲಾರಿ ಹೋಯಿತೋ ನೆಲ ಅದುರಿತೋ ಅಂತ ಅವನನ್ನೇ ಕೇಳುತ್ತಿದ್ದರು. ಅವನು ಲಾರಿ ಅಂದರೆ ಲಾರಿ, ನೆಲ ಅಂದರೆ ನೆಲ. ಕೆಲಸ ಹೋದ ಮೇಲೆ ಅವನಿಗೆ ಉಳಿದಿದ್ದ ಹಿರಿಮೆ ಅದೊಂದು, ತಿಳಿಯಾದ ಬಿಯರ್ ಇನ್ನೊಂದು.

ಒಂದು ರಜೆಯಲ್ಲಿ ಇಬ್ಬರೂ ಸೇರಿ ಹನ್ನೆರಡು ಸೀಸೆ ತುಂಬಿದೆವು. ಜೊತೆಯಲ್ಲಿ ಗಣಿಗಿಳಿಯುತ್ತಿದ್ದ ಹಳೆಯ ಗೆಳೆಯರನ್ನು ಮಾವ ಭಾನುವಾರಕ್ಕೆ ಕರೆದಿದ್ದ. ಶನಿವಾರ ಮಧ್ಯಾಹ್ನ ಅವನು ಮಲಗಿದ್ದಾಗ ನಾನು ಒಂದೊಂದೇ ಸೀಸೆ ಎತ್ತಿ, ಬೋರಲು ಮಾಡಿ, ಬೆಳಕಿಗೆ ಹಿಡಿದು ನೋಡಿದೆ. ನೋಡಿದೆ ಅನಿಸುತ್ತದೆ. ಭಾನುವಾರ ಲೋಟಕ್ಕೆ ಬಿದ್ದದ್ದು ಅಂಬಲಿಯಂಥ ಕದಡು. ಇದನ್ನ ಕುಡಿಯೋದಾ, ಮುದ್ದೆ ಕಟ್ಟೋದಾ ಅಂತ ಒಬ್ಬರು ಕೇಳಿದರು. ಎಲ್ಲರೂ ನಕ್ಕರು, ಮಾವನೂ ನಕ್ಕ.

ಅವರು ಹೋದ ಮೇಲೆ ಕೇಳಿದ: "ಮುಟ್ಟಿದ್ಯೇನ್ಲಾ?"

"ಇಲ್ಲ ಮಾವ. ನಿನ್ನೆ ನೆಲ ಅದುರ್ತು. ನೀನು ಮಲಗಿದ್ದೆ."

ಅವನು ತನ್ನ ಪಾದಗಳನ್ನೇ ನೋಡಿಕೊಂಡ. "ನಿದ್ದೇಲಿದ್ರೂ ನಂಗೆ ಗೊತ್ತಾಯ್ತದೆ ಕಣ್ಲಾ" ಅಂದು ಹೊರಗೆ ಹೋದ. ನಾನು ಸಂಜೆಯ ರೈಲು ಹಿಡಿದೆ.

ಮುಂದಿನ ಸಲ ಹೋದಾಗ ನಾನು ಕೇಳದಿದ್ದರೂ ಅವನೇ ಮಾತು ತೆಗೆದ. "ಅವತ್ತು ಅದುರಿತ್ತಂತೆ ಕಣ್ಲಾ. ನಂಗೇ ತಿಳೀಲಿಲ್ಲ. ವಯಸ್ಸಾಯ್ತು."

ನನಗೆ ಹಗುರವಾಯಿತು. ಇಷ್ಟು ವರ್ಷ ಆ ಮಾತನ್ನೇ ಹಿಡಿದುಕೊಂಡಿದ್ದೇನೆ: ನೆಲ ನಿಜವಾಗಿ ಅದುರಿದ್ದರೆ, ಸೀಸೆ ಎತ್ತಿದ ನೆನಪನ್ನು ನಾನೇ ಕಟ್ಟಿಕೊಂಡಿರಬಹುದು. ಮಾವ ಮತ್ತೆ ಬಿಯರ್ ಮಾಡಲಿಲ್ಲ. ನಾನೂ ಹೋಗುವುದು ಕಡಿಮೆ ಮಾಡಿದೆ. ಅವನು ತೀರಿಕೊಂಡ. ಈಗ ನಾನು ಮಾಡುವ ಬಿಯರ್ ಅವನದಕ್ಕಿಂತ ತಿಳಿ. ಒಬ್ಬನಿಗೆ ಹನ್ನೆರಡು ಸೀಸೆ ಹೆಚ್ಚು. ಆದರೂ ಹನ್ನೆರಡೇ ತುಂಬುತ್ತೇನೆ, ಉಳಿದವು ಕೆಟ್ಟರೆ ಚೆಲ್ಲುತ್ತೇನೆ.

ಮೊನ್ನೆ ಊರಿಗಾಂಗೆ ಹೋಗಿದ್ದೆ. ಮಾವನ ಎದುರು ಮನೆಯ ಸೆಲ್ವಿಯಕ್ಕ ಇನ್ನೂ ಅಲ್ಲೇ ಇದ್ದಾರೆ. ಆ ಭಾನುವಾರದ ವಿಷಯ ತೆಗೆದೆ. ಬಿಯರ್ ಕದಡಿದ್ದು ಅವರಿಗೆ ನೆನಪಿರಲಿಲ್ಲ.

"ಯಾವಾಗ್ಲೂ ನಾವು ಹೋಗಿ ಅವರನ್ನ ಕೇಳೋದು ತಂಬಿ. ಅವತ್ತು ಅವರೇ ಮನೆಮನೆಗೂ ಬಂದು, ನಿನ್ನೆ ಅದುರಿತಾ ಅಂತ ಕೇಳಿದ್ರು. ಇಲ್ಲ ಅಂದ್ವಿ, ಎಲ್ಲಾರೂ."

ನೆನಪನ್ನು ನಂಬುವವನಲ್ಲ ನಾನು, ನನ್ನದಾಗಲಿ ಇನ್ನೊಬ್ಬರದಾಗಲಿ. ಲೈನಿನ ಕೊನೆಯ ಮನೆಗೂ ಹೋಗಿ ಕೇಳಿದೆ. ಮಾವ ಅಲ್ಲಿಗೂ ಬಂದಿದ್ದ. ಅವರೂ ಇಲ್ಲವೆಂದೇ ಹೇಳಿದ್ದರು.