ಅದುರು ಹಿಡಿಯುವ ಬಡಗಿ

ಬೆಳಕು ಹರಿಯುವ ಹೊತ್ತು. ಮೈಸೂರಿನ ಯಾದವಗಿರಿಯ ಹಳೆಯ ಬಂಗಲೆಯೊಂದರ ನಡುಮನೆಯಲ್ಲಿ ಪ್ರೇಮ್‌ಕುಮಾರ್ ನೆಲಕ್ಕೆ ಅಂಗೈ ಊರಿ ಕೂತಿದ್ದಾರೆ. ಪಕ್ಕದ ಮನೆಯ ನೀರಿನ ಮೋಟಾರ್ ಶುರುವಾಗುತ್ತದೆ. "ನೋಡಿ, ಅದ್ರ ಅದುರು ಇಲ್ಗಂಟ ಬತ್ತದೆ," ಎನ್ನುತ್ತಾರೆ. ಬೇರೆಯವರು ಕೈಯಿಟ್ಟರೆ ತಣ್ಣನೆಯ ನೆಲ ಬಿಟ್ಟು ಬೇರೇನೂ ಸಿಗುವುದಿಲ್ಲ.

ಅಶೋಕಪುರಂನ ಈ ಬಡಗಿಯ ಕಸುಬಿಗೆ ಇನ್ನೂ ಯಾರೂ ಹೆಸರಿಟ್ಟಿಲ್ಲ. ಮನೆಯ ಹಾಡಿನ ಸೆಟ್ಟಿಗೆ ನೆಲದ್ದಾಗಲಿ, ಸ್ಪೀಕರಿನದ್ದಾಗಲಿ ಅದುರು ತಗುಲದಂತೆ ಪೀಠ ಮಾಡಿಕೊಡುವುದು ಅವರ ಕೆಲಸ. ಮೊದಲು ಮಂಚ, ಬಾಗಿಲು ಮಾಡುತ್ತಿದ್ದರು. ರೆಡಿಮೇಡ್ ಸಾಮಾನು ಬಂದು ದುಡಿಯುತ್ತಿದ್ದ ಅಂಗಡಿಗೆ ಬೀಗ ಬಿದ್ದಾಗ, ಕುವೆಂಪುನಗರದ ಗಿರಾಕಿಯೊಬ್ಬರು ಸ್ಪೀಕರ್ ಇಡಲು ಸ್ಟ್ಯಾಂಡ್ ಕೇಳಿದರು. ಅಲ್ಲಿಂದ ಹಿಡಿದ ಹುಚ್ಚು ಇದು. ತಿಂಗಳಿಗೆ ನಾಲ್ಕೈದು ಮನೆ ಸಿಕ್ಕರೆ ಹೆಚ್ಚು. ಉಳಿದ ದಿನ ಕಿಟಕಿ, ಕಪಾಟುಗಳ ರಿಪೇರಿ. ಹೆಂಡತಿ ಯಶೋಧಾಗೆ ನಗು: "ನಮ್ಮನೇಲಿ ಮಿಕ್ಸಿ ಕೆಳ್ಗೂ ರಬ್ಬರ್ ಇಟ್ಟವ್ರೆ ಕಣ್ರೀ. ಚಟ್ನಿ ರುಚಿ ಮಾತ್ರ ಏನೂ ಜಾಸ್ತಿ ಆಗ್ಲಿಲ್ಲ."

ಮೈಸೂರಿನವರಿಗೇ ಮೀಸಲಾದ ತಪ್ಪೊಂದನ್ನು ಪ್ರೇಮ್‌ಕುಮಾರ್ ಮನೆಮನೆಯಲ್ಲೂ ಕಾಣುತ್ತಾರೆ. ನವರಾತ್ರಿ ಮುಗಿದ ಮೇಲೆ ಗೊಂಬೆ ಕೂರಿಸುವ ಮರದ ಮೆಟ್ಟಿಲು ಅಟ್ಟ ಸೇರುವುದಿಲ್ಲ. ರೆಕಾರ್ಡ್ ಪ್ಲೇಯರ್, ಸ್ಪೀಕರ್ ಎರಡೂ ಅದರ ಮೇಲೇ ಕೂರುತ್ತವೆ. ಮೆಟ್ಟಿಲ ಒಳಗೆಲ್ಲ ಪೊಳ್ಳು. ಸ್ಪೀಕರ್ ಗುಡುಗಿದರೆ ಹಲಗೆ ಅದುರುತ್ತದೆ, ಆ ಅದುರನ್ನೂ ಪ್ಲೇಯರಿನ ಮುಳ್ಳು ಹಾಡೆಂದೇ ತಿಳಿದು ಮತ್ತೆ ಸ್ಪೀಕರಿಗೆ ಕಳಿಸುತ್ತದೆ. ಕೊನೆಗೆ ಕೇಳುವುದು ಬರೀ ಗುಂಯ್.

ಈ ಬಂಗಲೆಯ ಅಂಬುಜಮ್ಮನವರ ಮನೆಯಲ್ಲೂ ಅದೇ ಆಗಿತ್ತು. ಅವರು ಒಂದು ಕಾಲದ ಗಾಯಕಿ. ಗಂಟಲಿನ ಆಪರೇಷನ್ ಆದಮೇಲೆ ದನಿ ಪಿಸುಮಾತಿಗೆ ಇಳಿದಿದೆ. ಹರೆಯದಲ್ಲಿ ಹಾಡಿದ್ದಕ್ಕೆ ಗುರುತಾಗಿ ಉಳಿದಿರುವುದು ಒಂದೇ ಒಂದು ರೆಕಾರ್ಡ್. ಇನ್ನೊಂದು ಪ್ರತಿ ಎಷ್ಟು ಹುಡುಕಿದರೂ ಸಿಕ್ಕಿಲ್ಲ. ಹೋದ ತಿಂಗಳು ಪ್ರೇಮ್‌ಕುಮಾರ್ ಪ್ಲೇಯರಿನಡಿಗೆ ದಪ್ಪ ಸ್ಪಂಜು ಕೊಟ್ಟು ಹೋದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಗುಂಯ್ ಎನ್ನುವುದೇನೋ ನಿಂತಿತು, ಆದರೆ ಯಾರಾದರೂ ಪಕ್ಕದಲ್ಲಿ ನಡೆದರೆ ಸಾಕು, ಪ್ಲೇಯರ್ ತೊಟ್ಟಿಲಿನಂತೆ ತೂಗುತ್ತಿತ್ತು. ಒಂದು ದಿನ ಮುಳ್ಳು ಹಾರಿ ಆ ರೆಕಾರ್ಡಿಗೇ ಗೀರು ಬಿತ್ತು.

"ಮೆತ್ತಗಿದ್ರೆ ಸಾಕು ಅಂದ್ಕಂಬುಟ್ಟೆ. ಅವತ್ತು ಊಟ ಸೇರ್ಲಿಲ್ಲ ಕಣ್ರೀ," ಎನ್ನುತ್ತಾರೆ ಪ್ರೇಮ್‌ಕುಮಾರ್. ಇನ್ನೊಂದು ಗೀರು ಬಿದ್ದರೆ ಅಂಬುಜಮ್ಮನ ದನಿ ಇನ್ನಷ್ಟು ಹೋದಂತೆಯೇ. ಹೆದರಿಕೆ ಇಬ್ಬರಿಗೂ ಇದೆ.

ಇವತ್ತು ಸ್ಪೀಕರುಗಳು ಮೆಟ್ಟಿಲಿನಿಂದ ಇಳಿದು ತಮ್ಮದೇ ಸ್ಟ್ಯಾಂಡಿನ ಮೇಲೆ ನಿಂತಿವೆ. ಪ್ಲೇಯರಿಗೆ ದಪ್ಪ ಗೋಡೆಯಲ್ಲಿ ಬೇರೆ ಹಲಗೆ, ಹಲಗೆಯ ಮೇಲೆ ಗಟ್ಟಿ ರಬ್ಬರ್ ತುಂಡುಗಳು, ಅವುಗಳ ಮೇಲೆ ಕಡಪ ಕಲ್ಲು. ಬೇರೊಂದು ಹಳೆಯ ರೆಕಾರ್ಡ್ ಹಾಕಿ, ಕೋಣೆಯ ತುಂಬ ಧಪಧಪ ಹೆಜ್ಜೆಯಿಟ್ಟು ನೋಡುತ್ತಾರೆ. ಮುಳ್ಳು ಅಲುಗುವುದಿಲ್ಲ. ಆಮೇಲೆ ಅಂಬುಜಮ್ಮನ ರೆಕಾರ್ಡಿನ ಮೇಲೆ ಮುಳ್ಳನ್ನು ಮೆಲ್ಲಗೆ ಇಳಿಸುತ್ತಾರೆ.

ಇಪ್ಪತ್ತರ ಹುಡುಗಿಯ ತುಂಬು ದನಿ ನಡುಮನೆಯನ್ನೆಲ್ಲ ತುಂಬುತ್ತದೆ. ಗೀರು ಬಿದ್ದ ಜಾಗ ಬಂದಾಗ 'ಟಿಕ್' ಎನ್ನುತ್ತದೆ, ಆದರೆ ಹಾಡು ಮುಂದೆ ಸಾಗುತ್ತದೆ. ಅಂಬುಜಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಅಷ್ಟೇ ತಾನೆ, ಇರ್ಲಿ ಬಿಡಪ್ಪ," ಎಂದು ಪಿಸುಗುಡುತ್ತಾರೆ.

ಪ್ರೇಮ್‌ಕುಮಾರ್ ತಲೆಯೆತ್ತುವುದಿಲ್ಲ.

"ಆ ಟಿಕ್ ನಂದು ಕಣಮ್ಮ. ಮಿಕ್ಕಿದ್ದೆಲ್ಲ ನಿಮ್ದೇ."