ರೌಂಡರ್ಸ್ ತಂಡದೊಡನೆ ಮುಳಬಾಗಿಲಿಗೆ

ಕೋಲಾರದಿಂದ ಬೆಳಗಿನ ಸಣ್ಣ ರೈಲು ಹೊರಟಾಗ ಮಂಜು ಇನ್ನೂ ಕರಗಿರಲಿಲ್ಲ. ಒಂದೇ ಡಬ್ಬಿಯಲ್ಲಿ ನಮ್ಮ ಶಾಲೆಯ ಒಂಬತ್ತು ಹುಡುಗಿಯರು, ಆಯಾ ಅಕ್ಕಯ್ಯಮ್ಮ ಮತ್ತು ಡ್ರಿಲ್ ಟೀಚರಾದ ನಾನು ಒತ್ತಿಕೊಂಡು ಕೂತಿದ್ದೆವು. ಕಾಲ ಬಳಿ ಮೂರು ದಾಂಡು, ಒಂದು ಗೋಣಿಚೀಲದಲ್ಲಿ ಚೆಂಡುಗಳು, ಇನ್ನೊಂದರಲ್ಲಿ ರಾಗಿಹಿಟ್ಟು, ಅವರೆಕಾಯಿ. ಯುದ್ಧದ ಕಾಲ. ಅಂಗಡಿಯಲ್ಲಿ ಒಳ್ಳೆಯ ಚೆಂಡು ಸಿಗುತ್ತಿರಲಿಲ್ಲ. ಪೇಟೆಯ ಮೋಚಿಯೊಬ್ಬರು ಬಟ್ಟೆ ಸುತ್ತಿ ಮೇಲೆ ಚರ್ಮ ಹೊಲಿದುಕೊಟ್ಟಿದ್ದರು. ಒಂದರ ತೂಕ ಇನ್ನೊಂದಕ್ಕಿರಲಿಲ್ಲ.

ರೌಂಡರ್ಸ್ ಆಟ ನೋಡದವರಿಗೆ ಎರಡು ಮಾತು ಹೇಳಬೇಕು. ಒಬ್ಬಳು ಕೈಯನ್ನು ಕೆಳಗಿನಿಂದ ಬೀಸಿ ಚೆಂಡು ಹಾಕುತ್ತಾಳೆ. ಇನ್ನೊಬ್ಬಳು ಗಿಡ್ಡ ದಾಂಡಿನಿಂದ ಹೊಡೆದು, ಮೈದಾನದಲ್ಲಿ ನೆಟ್ಟ ನಾಲ್ಕು ಕಂಬಗಳನ್ನು ಸುತ್ತಿ ಓಡುತ್ತಾಳೆ. ಚೆಂಡು ಹಾಕುವವಳ ಕೈ ಸರಿಯಿಲ್ಲದಿದ್ದರೆ ಉಳಿದವರು ಎಷ್ಟು ಚೆನ್ನಾಗಿ ಆಡಿದರೂ ತಂಡ ನಿಲ್ಲುವುದಿಲ್ಲ.

ಮುಂದಿನ ತಿಂಗಳು ಕೋಲಾರದಲ್ಲಿ ಜಿಲ್ಲೆಯ ಹುಡುಗಿಯರ ಆಟೋಟಗಳಿದ್ದವು. ಅದಕ್ಕೆ ಮೊದಲು ಮಾಲೂರು, ಶ್ರೀನಿವಾಸಪುರ, ಮುಳಬಾಗಿಲುಗಳಿಗೆ ಹೋಗಿ ಅಲ್ಲಿನ ಹುಡುಗಿಯರ ಜೊತೆ ಆಡಿಬರುತ್ತೇವೆಂದು ಹೆಡ್‌ಮಿಸ್ಟ್ರೆಸ್ಸರನ್ನು ಕೇಳಿದ್ದೆ. “ಹೆಣ್ಣುಮಕ್ಕಳನ್ನ ಊರೂರು ಸುತ್ತಿಸ್ತೀರಾ?” ಎಂದರು ಅವರು. ನಮ್ಮ ನಮ್ಮಲ್ಲೇ ಆಡಿಕೊಂಡರೆ ಕಲಿಯುವುದೇನೂ ಇಲ್ಲ ಎಂದೆ. ಅದು ನಿಜವೇ. ಆದರೆ ಆ ಮೂರು ಊರುಗಳಲ್ಲಿ ನನ್ನ ಬಾಯಿಗೆ ಮೊದಲು ಬಂದದ್ದು ಮುಳಬಾಗಿಲು. ಅಲ್ಲಿ ಕಾಮಾಕ್ಷಿ ಇದ್ದಳು.

ಬೆಂಗಳೂರಿನ ಟ್ರೈನಿಂಗ್ ಶಾಲೆಯಲ್ಲಿ ಎರಡು ವರ್ಷ ಒಂದೇ ಕೋಣೆಯಲ್ಲಿದ್ದವರು ನಾವು. ಈ ಆಟ ಕಲಿತದ್ದೂ ಅಲ್ಲೇ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಅವಳು ಚೆಂಡು ಹಾಕುತ್ತಿದ್ದಳು, ನಾನು ಹೊಡೆಯುತ್ತಿದ್ದೆ. ಪರೀಕ್ಷೆ ಮುಗಿದ ಮೇಲೆ ಒಂದೇ ಊರಿನ ಶಾಲೆಗೆ ಹಾಕಿಸಿಕೊಳ್ಳುವುದು, ನಾನು ದಾಂಡು ಕಲಿಸುವುದು, ಅವಳು ಚೆಂಡು ಕಲಿಸುವುದು ಎಂದು ರಾತ್ರಿ ದೀಪ ಆರಿದ ಮೇಲೂ ಮಾತಾಡಿಕೊಳ್ಳುತ್ತಿದ್ದೆವು. ಆ ಬೇಸಿಗೆಯ ರಜದಲ್ಲೇ ಅವಳ ಮದುವೆಯಾಯಿತು. ನಾನು ಮುಳಬಾಗಿಲಿಗೆ ಹೋಗಿ ಮದುವೆ ಊಟ ಮಾಡಿ ಬಂದೆ. ಆಮೇಲೆ ನಾಲ್ಕು ವರ್ಷದಿಂದ ಕೋಲಾರದಲ್ಲಿ ಒಬ್ಬಳೇ ಕಲಿಸುತ್ತಿದ್ದೆ. ದಾಂಡು ಹಿಡಿಯುವುದನ್ನು ಮಾಡಿ ತೋರಿಸಬಲ್ಲೆ. ಚೆಂಡು ಹಾಕುವುದನ್ನು ಬಾಯಲ್ಲಿ ಹೇಳಬಲ್ಲೆ, ಅಷ್ಟೆ.

ಬೌರಿಂಗ್‌ಪೇಟೆಯಲ್ಲಿ ಸಣ್ಣ ರೈಲು ಇಳಿದು ದೊಡ್ಡ ರೈಲು ಹತ್ತಬೇಕು. ಬೌರಿಂಗ್‌ಪೇಟೆಯೆಂದರೆ ಈಗಿನ ಬಂಗಾರಪೇಟೆ. ಮದರಾಸಿನಿಂದ ಬಂದ ಗಾಡಿಯ ತುಂಬ ಸಿಪಾಯಿಗಳಿದ್ದರು. ಅಕ್ಕಯ್ಯಮ್ಮ ಹೆಂಗಸರ ಡಬ್ಬಿಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು, ಮಾಲೂರು ಬರುವ ತನಕ ಅಲ್ಲಿಂದ ಕದಲಲಿಲ್ಲ. ಬಿಸಿಲು ಏರುವ ಹೊತ್ತಿಗೆ ಮಾಲೂರಿನಲ್ಲಿಳಿದೆವು. ಊರಿನ ಅಂಚಿನಲ್ಲಿ ಹೆಂಚಿನ ಗೂಡುಗಳ ಹೊಗೆ ನೆಲಕ್ಕೆ ಅಂಟಿಕೊಂಡಂತೆ ಹರಡಿತ್ತು. ಅಲ್ಲಿನ ಟೀಚರು ಉಪ್ಪಿಟ್ಟು, ಕಾಫಿ ಮಾಡಿಸಿಟ್ಟಿದ್ದರು. ಕಾಫಿಯಲ್ಲಿ ಸಕ್ಕರೆಯ ಬದಲು ಬೆಲ್ಲ.

ಆಟದಲ್ಲಿ ನಾವು ಕೆಟ್ಟದಾಗಿ ಸೋತೆವು. ನಮ್ಮಲ್ಲಿ ಚೆಂಡು ಹಾಕುತ್ತಿದ್ದವಳು ಮುನಿಲಕ್ಷ್ಮಿ, ನರಸಾಪುರದ ಕಡೆಯ ರೈತರ ಮಗಳು. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬೆಳೆದ ಹುಡುಗಿ, ತೋಳಿನಲ್ಲಿ ಶಕ್ತಿಯಿತ್ತು. ಆದರೆ ಚೆಂಡು ಕೈಬಿಟ್ಟರೆ ಒಂದು ಸಲ ಹೊಡೆಯುವವಳ ತಲೆಯ ಮೇಲೆ, ಇನ್ನೊಂದು ಸಲ ಕಾಲ ಬೆರಳಿನ ಹತ್ತಿರ. ಮಾಲೂರಿನ ಹುಡುಗಿಯರು ಹೊಡೆಯುವ ಕಷ್ಟವೂ ಇಲ್ಲದೆ ಗೆದ್ದರು. ಮುನಿಲಕ್ಷ್ಮಿ ಆಟ ಮುಗಿದ ಮೇಲೆ ಜಗಲಿಯ ಮೂಲೆಯಲ್ಲಿ ಕೂತಳು, ಊಟಕ್ಕೆ ಕರೆದರೂ ಬರಲಿಲ್ಲ.

“ಟೀಚರ್, ನಾಳೆಯಿಂದ ನಾನು ಹಾಕಲ್ಲ. ಬೇರೆಯವರ ಕೈಲಿ ಹಾಕಿಸಿ.”

“ಬೇರೆ ಯಾರಿದ್ದಾರೆ?”

“ನಿಮಗೂ ಬರಲ್ಲ ಅಲ್ವಾ ಟೀಚರ್,” ಎಂದಳು. ಅವಳು ಎದುರು ಮಾತಾಡಿದ್ದಲ್ಲ. ಸುಮ್ಮನೆ ತಿಳಿಯಬೇಕೆಂದು ಕೇಳಿದ್ದು.

“ಬರಲ್ಲ. ಬರೋರ ಹತ್ತಿರ ಕರ್ಕೊಂಡು ಹೋಗ್ತೀನಿ,” ಎಂದೆ. ಬಾಯಿಂದ ಹೊರಬಿದ್ದ ಮೇಲೆಯೇ ನನಗೆ ಗಾಬರಿಯಾಯಿತು. ಕಾಮಾಕ್ಷಿಗೆ ನಾವು ಬರುವ ವಿಷಯವನ್ನೇ ನಾನು ತಿಳಿಸಿರಲಿಲ್ಲ.

ಮಾರನೆಯ ದಿನ ಮತ್ತೆ ಬೌರಿಂಗ್‌ಪೇಟೆಗೆ ಬಂದು ಸಣ್ಣ ರೈಲಿನಲ್ಲಿ ಕೋಲಾರ ದಾಟಿ ಶ್ರೀನಿವಾಸಪುರಕ್ಕೆ ಹೋದೆವು. ಏರಿನಲ್ಲಿ ಆ ಗಾಡಿ ಎಷ್ಟು ನಿಧಾನ ಹೋಗುತ್ತಿತ್ತೆಂದರೆ, ಇಬ್ಬರು ಹುಡುಗಿಯರು ಇಳಿದು ಓಡುತ್ತೇವೆಂದು ಹಟ ಹಿಡಿದರು. ರಾಗಿ ಕೊಯ್ಲು ಮುಗಿದು ಹೊಲಗಳೆಲ್ಲ ಬೋಳಾಗಿದ್ದವು. ಶ್ರೀನಿವಾಸಪುರದಲ್ಲಿ ಆಟದ ಬಯಲು ಮಾವಿನ ತೋಪಿನ ಪಕ್ಕದಲ್ಲೇ ಇತ್ತು. ಎತ್ತರಕ್ಕೆ ಹೊಡೆದ ಚೆಂಡುಗಳೆಲ್ಲ ಕೊಂಬೆಗಳಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಅಲ್ಲಿನ ಹುಡುಗಿಯರು ಮರ ಹತ್ತಿ ತೆಗೆದುಕೊಡುತ್ತಿದ್ದರು. ಆಟ ಸಮಸಮವಾಯಿತು. ಮುನಿಲಕ್ಷ್ಮಿ ಹೆದರಿ ಹೆದರಿ ಮೆಲ್ಲಗೆ ಹಾಕಿದಳು, ಅವರು ಆರಾಮವಾಗಿ ಹೊಡೆದರು. ರಾತ್ರಿ ಶಾಲೆಯಲ್ಲೇ ಮಲಗಿದೆವು. ಅಕ್ಕಯ್ಯಮ್ಮ ಹಿತಕಿದ ಅವರೆಕಾಳಿನ ಸಾರು, ಮುದ್ದೆ ಮಾಡಿದಳು. ಚಳಿಗೆ ಹುಡುಗಿಯರು ಒಂದೇ ಕಂಬಳಿಯಲ್ಲಿ ಮೂವರಂತೆ ಸೇರಿಕೊಂಡರು.

ಮುಳಬಾಗಿಲಿಗೆ ರೈಲಿಲ್ಲ. ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸು. ಹಿಂದುಗಡೆ ಒಂದು ದೊಡ್ಡ ಒಲೆ, ಹೊರಡುವ ಮುಂಚೆ ಕ್ಲೀನರು ಗಾಳಿ ಊದುವ ತಿದಿಯ ಹಿಡಿ ತಿರುಗಿಸಿ ಉರಿ ಹತ್ತಿಸಬೇಕು. ದಾರಿಯಲ್ಲಿ ಎರಡು ಕಡೆ ಇಳಿದು ತಳ್ಳಿದೆವು. ಮುಳಬಾಗಿಲಿನ ಬಂಡೆಗುಡ್ಡ ದೂರದಿಂದ ಕಂಡಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸೆರಗು ಸರಿಮಾಡಿಕೊಂಡೆ, ಮುಖ ಒರೆಸಿಕೊಂಡೆ. ಬಸ್ ನಿಲ್ದಾಣದಲ್ಲಿ ಕಾಮಾಕ್ಷಿ ಇರುವುದಕ್ಕೆ ಕಾರಣವೇ ಇರಲಿಲ್ಲ. ಆದರೂ ಇಳಿದು ಸುತ್ತಲೂ ನೋಡಿದೆ.

ಹುಡುಗಿಯರಿಗೆ ಕುರುಡುಮಲೆಯ ಗಣಪತಿಯನ್ನು ನೋಡುವ ಆಸೆ. ಮರುದಿನ ಬೆಳಗ್ಗೆ ಅಕ್ಕಯ್ಯಮ್ಮನ ಜೊತೆ ಎರಡು ಗಾಡಿ ಕಟ್ಟಿಸಿ ಕಳಿಸಿದೆ. ನಾನು ಕಾಮಾಕ್ಷಿಯ ಮನೆಗೆ ಹೋದೆ.

ಬಾಗಿಲು ತೆಗೆದವರು ಅವಳ ಅತ್ತೆ. ಮದುವೆಯಲ್ಲಿ ನೋಡಿದ ನೆನಪು ಅವರಿಗಿತ್ತು. “ರಾಮ್ಮಾ, ಒಳಗೆ ಬಾ. ಕೋಲಾರದ ಟೀಚರಮ್ಮ ಅಲ್ವಾ ನೀನು?” ಎಂದು ಚಾಪೆ ಹಾಸಿದರು. ಆ ಕಡೆಯವರ ಮನೆಮಾತು ತೆಲುಗು, ಕನ್ನಡದಲ್ಲೂ ಅದೇ ಎಳೆತ. ಒಳಗಿನಿಂದ ಕಾಮಾಕ್ಷಿ ಬಂದಳು. ಸೊಂಟದ ಮೇಲೆ ಎರಡು ವರ್ಷದ ಮಗಳು. ಸ್ವಲ್ಪ ದಪ್ಪಗಾಗಿದ್ದಳು. ನನ್ನನ್ನು ನೋಡಿ ನಿಂತಲ್ಲೇ ನಿಂತಳು. ಆಮೇಲೆ ಮಗುವನ್ನು ಕೆಳಗಿಳಿಸಿ ನನ್ನ ಕೈ ಹಿಡಿದುಕೊಂಡಳು, ಬಹಳ ಹೊತ್ತು ಬಿಡಲಿಲ್ಲ.

“ಬರ್ತೀನಿ ಅಂತ ಒಂದು ಮಾತು ಹೇಳ್ಬಾರ್ದಾ ಶಾರೂ?”

“ಹೇಳಿದ್ರೆ ಏನ್ಮಾಡ್ತಿದ್ದೆ?”

“ಕಾಯ್ತಿದ್ದೆ ಕಣೇ,” ಎಂದಳು.

ಅವಳ ಗಂಡ ನಂಗಲಿಯ ಕಡೆ ಕೆಲಸದಲ್ಲಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ಮನೆ ಒಳ್ಳೆಯದು, ಜನವೂ ಒಳ್ಳೆಯವರು. ಅವಳಿಗೆ ಯಾವ ಕಷ್ಟವೂ ಇರಲಿಲ್ಲ. ಅದನ್ನು ನೋಡಿ ನನಗೆ ಸಂತೋಷವಾಯಿತು. ಸಂತೋಷದ ಜೊತೆಗೆ ಏನೋ ಒಂದು ಕೈತಪ್ಪಿದಂತೆಯೂ ಆಯಿತು. ಮುನಿಲಕ್ಷ್ಮಿಯ ವಿಷಯ ಹೇಳಿ, ಮಧ್ಯಾಹ್ನ ಬಯಲಿಗೆ ಬಾ ಎಂದೆ. ಅವಳು ಅತ್ತೆಯ ಕಡೆ ನೋಡಿದಳು.

“ಏನಾಟ ಅದು?” ಎಂದರು ಅತ್ತೆ. ನಾನು ವಿವರಿಸಿದೆ. ಅವರು ಅಡಿಕೆ ಕತ್ತರಿಸುತ್ತ ಕೇಳಿಸಿಕೊಂಡು, “ನಾನೂ ಬರ್ತೀನಿ, ನಡೀರಿ. ನಮ್ಮ ಸೊಸೆ ಏನು ಓದ್ಕೊಂಡು ಬಂದಳೋ ನಾನೂ ನೋಡ್ಬೇಕಲ್ಲ,” ಎಂದರು.

ನಾವು ಹೋಗುವ ಹೊತ್ತಿಗೆ ಹುಡುಗಿಯರು ಕುರುಡುಮಲೆಯಿಂದ ಬಂದಿದ್ದರು. ಶಾಲೆಯ ಬಯಲಿನ ಒಂದು ಪಕ್ಕಕ್ಕೆ ಕಲ್ಲುಗೋಡೆ, ಅದರ ಬುಡದಲ್ಲಿ ಬಾವಿ. ಅತ್ತೆ ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಬಾವಿಕಟ್ಟೆಯ ಮೇಲೆ ಕೂತರು. ಕಾಮಾಕ್ಷಿ ಗೋಣಿಚೀಲದಲ್ಲಿ ಕೈಯಾಡಿಸಿ ಚೆಂಡುಗಳನ್ನು ಒಂದೊಂದಾಗಿ ತೂಗಿ ನೋಡಿ, ಕೊನೆಗೆ ಒಂದನ್ನು ಆರಿಸಿಕೊಂಡಳು. ಸೆರಗು ಸಿಕ್ಕಿಸಿದಳು. ಮೊದಲ ಚೆಂಡು ಅಡ್ಡ ಹೋಯಿತು. ಎರಡನೆಯದೂ ಹಾಗೇ. ಅವಳು ನಗಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಮೂರನೆಯದು ದಾಂಡು ಹಿಡಿದು ನಿಂತ ನನ್ನ ಮೊಣಕಾಲಿನ ಮೇಲೆ, ನಾನು ಕೈಯೆತ್ತುವ ಮುಂಚೆಯೇ ದಾಟಿಹೋಯಿತು. ಅದರ ಸದ್ದೂ ನನಗೆ ಕೇಳಲಿಲ್ಲ.

ಮುನಿಲಕ್ಷ್ಮಿ ಬಾಯಿ ತೆರೆದುಕೊಂಡು ನಿಂತಿದ್ದಳು. ಕಾಮಾಕ್ಷಿ ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂದೆರಡು ಚೆಂಡು ಹಾಕಿಸಿ ನೋಡಿದಳು.

“ನಿನ್ನ ಹೆಸರೇನಮ್ಮಾ? ಮುನಿಲಕ್ಷ್ಮೀನಾ? ನೀನು ಭುಜದಿಂದ ಎಸೀತಿದೀಯ. ಎಸೀಬೇಡ. ಮನೇಲಿ ಚಿಕ್ಕ ಮಕ್ಕಳಿದಾರಾ?”

“ತಮ್ಮ ಇದಾನೆ ಮೇಡಂ, ತೊಟ್ಟಿಲಲ್ಲಿ.”

“ತೊಟ್ಟಿಲು ಹೆಂಗೆ ತೂಗ್ತೀಯ? ಜೋರಾಗಿ ತಳ್ಳಿದ್ರೆ ಮಗು ಎದ್ದೇಳುತ್ತೆ. ಕೈ ಹಂಗೆ ಬರ್ಲಿ, ಹೋಗೋ ಕಡೆ ತಾನೇ ಹೋಗ್ಲಿ. ಬೆರಳು ಕೊನೇಲಿ ಬಿಡು.”

ಬಿಸಿಲು ಇಳಿಯುವ ತನಕ ಇಬ್ಬರೂ ಹಾಕಿದರು. ನಾನು ಹೊಡೆಯುವವಳ ಜಾಗದಲ್ಲಿ ನಿಂತೇ ಇದ್ದೆ. ಒಮ್ಮೆ ಕಾಮಾಕ್ಷಿಯ ಚೆಂಡನ್ನು ಚೆನ್ನಾಗಿ ಹೊಡೆದು ನಾಲ್ಕು ಕಂಬವನ್ನೂ ಸುತ್ತಿದೆ. ಕಾಮಾಕ್ಷಿ ಹಳೆಯ ಹಾಗೆ ಸೊಂಟದ ಮೇಲೆ ಕೈಯಿಟ್ಟು, “ಅದು ಸುಮ್ಮನೆ ಬಿಟ್ಟಿದ್ದು ನಿನಗೆ,” ಎಂದಳು. ಹುಡುಗಿಯರು ನಕ್ಕರು. ಬಾವಿಕಟ್ಟೆಯ ಮೇಲಿಂದ ಅತ್ತೆಯೂ ನಕ್ಕರು.

ಮರುದಿನ ಬೆಳಗ್ಗೆ ಮುಳಬಾಗಿಲಿನ ತಂಡದ ಮೇಲೆ ಮುನಿಲಕ್ಷ್ಮಿಯೇ ಹಾಕಿದಳು. ನಾವು ಗೆದ್ದೆವು. ಮುಂದೆ ಜಿಲ್ಲೆಯ ಆಟೋಟಗಳಲ್ಲೂ ಅವಳು ಚೆನ್ನಾಗಿಯೇ ಹಾಕಿದಳು. ನಾವು ಎರಡನೆಯವರಾಗಿ ಬಂದೆವು. ಮಾಲೂರನ್ನು ಅಲ್ಲಿ ಸೋಲಿಸಿದ್ದನ್ನು ಆ ಹುಡುಗಿಯರು ಇವತ್ತಿಗೂ ಹೇಳಿಕೊಳ್ಳುತ್ತಾರೆ.

ಆದರೆ ಆ ಬೆಳಗ್ಗೆ ಆಟ ಮುಗಿದಾಗ ನನ್ನ ಮನಸ್ಸು ಇನ್ನೊಂದೇ ವಿಷಯದಲ್ಲಿತ್ತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಆಟ ನೋಡಲು ಬಂದು ಸೊಸೆ, ಮೊಮ್ಮಗಳ ಜೊತೆ ಬಾವಿಕಟ್ಟೆಯ ಹತ್ತಿರ ಕೂತಿದ್ದ ಅತ್ತೆಯನ್ನೇ ಹೋಗಿ ಕೇಳಿದೆ. ಆಟೋಟಗಳು ಮುಗಿಯುವ ತನಕ ಕಾಮಾಕ್ಷಿಯನ್ನು ನನ್ನ ಜೊತೆ ಕಳಿಸಿಕೊಡಿ, ಮಗುವೂ ಬರಲಿ, ನನ್ನ ಮನೆಯಲ್ಲಿ ಜಾಗವಿದೆ, ನಾನೇ ಕರೆತಂದು ಬಿಡುತ್ತೇನೆ ಎಂದೆ. ಅವರು ಒಪ್ಪುವುದಿಲ್ಲವೆಂದು ಎಲ್ಲ ವಾದಗಳನ್ನೂ ಸಿದ್ಧ ಮಾಡಿಕೊಂಡಿದ್ದೆ. ಅವರು ಸ್ವಲ್ಪ ಯೋಚಿಸಿ ಸೊಸೆಯ ಕಡೆ ತಿರುಗಿದರು.

“ಹೋಗಿ ಬಾರಮ್ಮ. ಅವನಿಗೆ ನಾನು ಹೇಳ್ತೀನಿ. ಒಂದು ತಿಂಗಳು ತಾನೆ.”

ಕಾಮಾಕ್ಷಿ ಮಗಳ ಕೆನ್ನೆಗೆ ಮೆತ್ತಿದ್ದ ಮಣ್ಣು ಒರೆಸುತ್ತಿದ್ದಳು. ತಲೆಯೆತ್ತದೆ, “ಬೇಡ ಅತ್ತೆ,” ಎಂದಳು.

ನಾನು ಅವಳನ್ನು ಪಕ್ಕಕ್ಕೆ ಕರೆದುಕೊಂಡು ಹೋದೆ. “ಯಾಕೆ? ಅವರೇ ಹೋಗು ಅಂತಿದಾರಲ್ಲ.”

“ಅದಕ್ಕೇ ಕಣೇ. ಅವರು ಬೇಡ ಅಂದಿದ್ರೆ ಸುಲಭವಾಗಿತ್ತು.” ಅವಳ ದನಿ ಸಮಾಧಾನವಾಗಿಯೇ ಇತ್ತು. “ನಿನ್ನೆ ಒಂದು ಮಧ್ಯಾಹ್ನ ಆಡಿದೆ. ರಾತ್ರಿಯೆಲ್ಲ ಕೈ ನೋವು, ನಿದ್ದೆ ಇಲ್ಲ. ನೋವಿಗಲ್ಲ ನಿದ್ದೆ ಬರದೇ ಇದ್ದಿದ್ದು. ಒಂದು ತಿಂಗಳು ನಿನ್ನ ಜೊತೆ ಇದ್ದು ಬಂದ್ರೆ, ಆಮೇಲೆ ಈ ಮನೆಯಲ್ಲಿ ಇರೋಕೆ ನನ್ನ ಕೈಲಿ ಆಗಲ್ಲ ಶಾರೂ. ಈಗ ಇದೀನಿ. ಚೆನ್ನಾಗಿದೀನಿ. ಬಿಟ್ಬಿಡು.”

ನಾನು ಕೂಡಿಸಿಟ್ಟುಕೊಂಡಿದ್ದ ವಾದಗಳೆಲ್ಲ ಅವಳ ಅತ್ತೆಗೆಂದು ಇದ್ದವು. “ನಾನು ಒಬ್ಬಳೇ ಕಲಿಸ್ತಾ ಇದೀನಿ ಕಾಮಾಕ್ಷಿ,” ಎಂದೆ ಕೊನೆಗೆ.

“ಗೊತ್ತು,” ಎಂದಳು. “ಮುನಿಲಕ್ಷ್ಮಿ ಕೈ ಚೆನ್ನಾಗಿದೆ. ಅವಳನ್ನ ಬಿಡಬೇಡ.”

ಅತ್ತೆ ಎಲ್ಲ ಹುಡುಗಿಯರಿಗೂ ಕುಂಕುಮ ಇಟ್ಟು ಕಡಲೆಪುರಿ ಕೊಟ್ಟರು. ಕೋಲಾರಕ್ಕೆ ಬಸ್ಸಿನ ಚಾರ್ಜು ತಲೆಗೆ ಆರಾಣೆ, ಮಕ್ಕಳಿಗೆ ಅರ್ಧ. ಬಸ್ಸಿನ ತನಕ ಬಾ ಎಂದು ನಾನು ಕಾಮಾಕ್ಷಿಯನ್ನು ಕರೆಯಲಿಲ್ಲ, ಅವಳೂ ಬರಲಿಲ್ಲ. ಬಯಲಿನ ಬಾಗಿಲಲ್ಲೇ ಬೀಳ್ಕೊಂಡೆವು.

ಊರು ದಾಟಿ ಏರು ಹತ್ತುವಾಗ ಬಸ್ಸು ನಿಂತಿತು. ಇದ್ದಿಲು ಕಾವು ಹಿಡಿದಿಲ್ಲ, ಸ್ವಲ್ಪ ಇಳಿದು ನಿಂತುಕೊಳ್ಳಿ ಎಂದ ಡ್ರೈವರು. ಕ್ಲೀನರು ತಿದಿ ತಿರುಗಿಸತೊಡಗಿದ. ಎಲ್ಲರೂ ಇಳಿದೆವು. ಅಲ್ಲಿಂದ ಕೆಳಗೆ ಊರಿನ ಹೆಂಚುಗಳು, ಅವುಗಳಾಚೆ ಶಾಲೆಯ ಬಯಲು ಚಿಕ್ಕದಾಗಿ ಕಾಣುತ್ತಿತ್ತು. ಅಲ್ಲಿ ಈಗ ಹುಡುಗಿಯರು ಯಾರೂ ಇರಲಿಲ್ಲ. ಬಾವಿಕಟ್ಟೆಯ ಮೇಲೆ ಅತ್ತೆ ಮಗುವನ್ನಿಟ್ಟುಕೊಂಡು ಕೂತಿದ್ದರು. ಸ್ವಲ್ಪ ದೂರದಲ್ಲಿ ಒಬ್ಬಳೇ ನಿಂತು ಕಾಮಾಕ್ಷಿ ಕಲ್ಲುಗೋಡೆಗೆ ಚೆಂಡು ಹಾಕುತ್ತಿದ್ದಳು. ಅದು ತಿರುಗಿ ಬರುತ್ತಿತ್ತು, ಹಿಡಿಯುತ್ತಿದ್ದಳು, ಮತ್ತೆ ಹಾಕುತ್ತಿದ್ದಳು.

ಮುನಿಲಕ್ಷ್ಮಿಯೂ ನೋಡಿದಳು. “ಟೀಚರ್, ಕೂಗಲಾ? ಕೇಳ್ಸುತ್ತೆ.”

“ಬೇಡ,” ಎಂದೆ.

ಡ್ರೈವರು ಹತ್ತಿ ಎಂದ. ಹುಡುಗಿಯರು ಹತ್ತಿದರು. ಅಕ್ಕಯ್ಯಮ್ಮ ಎರಡು ಸಲ ನನ್ನ ಹೆಸರು ಹಿಡಿದು ಕರೆದಳು. ಕಾಮಾಕ್ಷಿ ಇನ್ನೊಂದು ಚೆಂಡು ಹಾಕುವುದನ್ನು ನೋಡಿಕೊಂಡು ನಾನು ಹತ್ತಿದೆ.